ತಟ್ಟೆಗೆ ಹಾಕಿದ ಉಪ್ಪು

ಮುದ್ದೆ ಮುರಿಯುವ ಹೊತ್ತು ನೋಡಿಕೊಂಡೇ ಅತ್ತಿಗೆ ಆ ಮಾತು ತೆಗೆದರು. ಬಾಯಲ್ಲಿ ಮುದ್ದೆ ಇದ್ದಾಗ ನಮ್ಮ ಮನೆಯಲ್ಲಿ ಯಾರೂ ಕೂಗಾಡುವುದಿಲ್ಲ. ನುಂಗಿದ ಮೇಲೆ ಕೂಗಾಡುತ್ತಾರೆ.

“ಅತ್ತೆ, ನಾಳೆಯಿಂದ ಬೆಳಿಗ್ಗೆ ಹೊತ್ತು ನಾನು ಅಡುಗೆಮನೆಗೆ ಬರಕ್ಕಾಗಲ್ಲ. ಓದ್ಕೋಬೇಕು.”

ಅವ್ವ ನುಂಗಿದಳು. “ಮಗ್ಳು ಓದೋ ಮನೇಲಿ ಈಗ ಅವ್ಳವ್ವನೂ ಓದ್ತಾಳಂತೆ. ಏನು ಓದೋದು?”

“ಡೆವ್‌ಆಪ್ಸ್ ಅಂತ.”

“ಅಂಗಂದ್ರೆ?”

ಅಣ್ಣ ತಲೆ ಎತ್ತದೆ ಹೇಳಿದ. “ಅದೂ ಕಂಪ್ಯೂಟ್ರೇ ಕಣವ್ವ. ಈಗ ಮಾಡೋ ಕೆಲ್ಸಾನೇ, ಹೆಸರು ಬೇರೆ.”

“ಹೆಸರಲ್ಲ, ಕೆಲ್ಸಾನೇ ಬೇರೆ” ಅಂದರು ಅತ್ತಿಗೆ.

ಅತ್ತಿಗೆ ವನಜಾಕ್ಷಿ ಶಿರಾದ ಒಂದು ಎಣ್ಣೆ ಮಿಲ್ಲಿನಲ್ಲಿ ಸಿಸ್ಟಮ್ ಅಡ್ಮಿನ್. ಕಡಲೆಕಾಯಿ ತೂಕದ ಲೆಕ್ಕ, ಬಿಲ್ಲು, ಗೋಡೌನಿನ ಲೆಕ್ಕ ಎಲ್ಲ ಕೂತಿರುವ ಸರ್ವರ್ ಅವರ ಸುಪರ್ದಿಯಲ್ಲಿದೆ. ಅದು ನಿಂತರೆ ಮಿಲ್ಲು ನಿಲ್ಲುತ್ತದೆ, ಮಿಲ್ಲು ನಿಂತರೆ ಅತ್ತಿಗೆಯ ಫೋನ್ ಹೊಡೆದುಕೊಳ್ಳುತ್ತದೆ. ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದಲ್ಲದೆ ಭಾನುವಾರ, ಹಬ್ಬ, ಜ್ವರ ಯಾವುದನ್ನೂ ಕೇಳದೆ ಕರೆಯುತ್ತಾರೆ. ಕೊಳಾಲದಲ್ಲಿ ಅವರ ತಂಗಿಯ ಮದುವೆಯಲ್ಲಿ ಧಾರೆ ಎರೆಯುವಾಗ ಅತ್ತಿಗೆ ಛತ್ರದ ಹಿಂದೆ, ಜನರೇಟರ್ ಪಕ್ಕ, ಒಂದು ಕಿವಿಗೆ ಫೋನು ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ನಿಂತಿದ್ದರು. ಫೋಟೋದಲ್ಲಿ ಅವರಿಲ್ಲ. ಆ ಆಲ್ಬಮ್ ಅನ್ನು ಅವರು ಇವತ್ತಿಗೂ ಪೂರ್ತಿ ತಿರುವಿ ಹಾಕಿದ್ದನ್ನು ನಾನು ನೋಡಿಲ್ಲ.

ನಮ್ಮಪ್ಪ ಚಿಕ್ಕರಂಗಯ್ಯನಿಗೆ ಇದೆಲ್ಲ ದೊಡ್ಡ ಹೆಮ್ಮೆ. ಆತ ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತಿಯಾದವನು. ಮಿಡಿಗೇಶಿ ಕಡೆಯ ಊರುಗಳಲ್ಲಿ ಗಾಳಿಗೆ ತಂತಿ ಹರಿದರೆ “ರಂಗಯ್ಯನ ಕರೀರಿ” ಅನ್ನುತ್ತಿದ್ದ ಕಾಲವೇ ಆತನ ಚಿನ್ನದ ಕಾಲ.

“ಕರಿಯೋರು ಇರೋದೇ ಬದುಕು ಕಣಮ್ಮ” ಅಂದ ಅಪ್ಪ. “ಶಿರಾದಲ್ಲಿ ಅಷ್ಟು ದೊಡ್ಡ ಸಾವ್ಕಾರ ವನಜಮ್ಮ ವನಜಮ್ಮ ಅಂತಾನೆ. ಅದ ಬುಟ್ಟು ಏನು ಮಾಡ್ತೀಯ?”

“ಕರೀದೇ ಇರೋ ಅಂಥ ಕೆಲ್ಸ ಮಾಡ್ತೀನಿ ಮಾವ.”

ಅಪ್ಪನಿಗೆ ಅದು ತಮಾಷೆಯಂತೆ ಕೇಳಿಸಿತು. ನಕ್ಕ. ಅತ್ತಿಗೆ ನಗಲಿಲ್ಲ.

“ಸರಿ, ಬೆಳಿಗ್ಗೆ ಮುದ್ದೆ ಯಾರು ತಿರುವೋದು?” ಅಂತ ಅವ್ವ ನೇರವಾಗಿ ವಿಷಯಕ್ಕೆ ಬಂದಳು. ಅಣ್ಣ ಪ್ರಸನ್ನ ಕುಮಾರ್ ಪಾವಗಡದ ಕಡೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು, ಮೊದಲ ಟ್ರಿಪ್ಪಿಗೇ ಮುದ್ದೆ ಉಂಡು ಹೋಗುವವನು. ಅವ್ವನ ರಟ್ಟೆ ಬಿದ್ದುಹೋಗಿ ಎರಡು ಮಳೆಗಾಲ ಆಗಿದೆ.

“ನಾನು ತಿರುವ್ತೀನಿ” ಅಂದೆ.

“ನೀನಾ? ಒಂಬತ್ತನೇ ಕ್ಲಾಸನ್ನೇ ಪೂರ್ತಿ ತಿರುವಿ ಹಾಕ್ದೇ ಬಂದೋನು, ಮುದ್ದೆ ತಿರುವ್ತೀಯ?” ಅಂದಳು ಅವ್ವ.

ಎಲ್ಲರೂ ನಕ್ಕರು. ನಗಲಿ. ನನಗೆ ಸಿಟ್ಟು ಬಂದದ್ದು ನನ್ನ ಬಗ್ಗೆ ಆಡಿದ್ದಕ್ಕಲ್ಲ. ಆ ಮನೆಯಲ್ಲಿ ಕೈ ಸರಿ ಇರುವ ಗಂಡಸರು ಮೂರು ಜನ ಕೂತಿದ್ದರೂ ಅವ್ವ ಕೇಳುವ ಮೊದಲು ಒಬ್ಬರ ಬಾಯಿಂದಲೂ, ನನ್ನ ಬಾಯಿಂದಲೂ, ಆ ಮಾತು ಬರಲಿಲ್ಲವಲ್ಲ, ಅದಕ್ಕೆ.

ಮಾರನೆಯ ದಿನದಿಂದ ನಾನು ಎಸರಿಟ್ಟೆ. ಮೊದಮೊದಲು ಮುದ್ದೆಯಲ್ಲಿ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ಅಣ್ಣ ಒಂದನ್ನು ಮುರಿದು, ಒಳಗಿನ ಒಣ ಪುಡಿಯನ್ನು ನನಗೇ ತೋರಿಸಿದ. “ಏನ್ಲಾ ಇದು, ಒಳಗೆ ಭಂಡಾರ ಇಟ್ಟಿದ್ದೀಯ?”

“ಉಣ್ಣು. ಇಲ್ಲಾ ಪಾವಗಡದಾಗೆ ಇಡ್ಲಿ ತಿನ್ನು.”

“ಅಲ್ಲಿ ತೆಲುಗಲ್ಲಿ ‘ಏಮಣ್ಣಾ ಎಂತ’ ಅಂತ ರೇಟು ಕೇಳೋದ್ರೊಳಗೆ ಬಸ್ಸು ಹೊರಡ್ತೈತೆ ಕಣ್ಲಾ” ಅಂತ ಗಂಟನ್ನೂ ನುಂಗಿಕೊಂಡು ಹೋದ.

ಪಡಸಾಲೆಯ ಮೂಲೆಯಲ್ಲಿ ಅತ್ತಿಗೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದರು. ಮಗಳು ಮಾನಸ ಎದ್ದು ಬಂದು ಅವರ ತೊಡೆಗೆ ತಲೆ ಇಟ್ಟು ಮತ್ತೆ ಮಲಗುತ್ತಿದ್ದಳು. ಒಂದು ಬೆಳಿಗ್ಗೆ ನಾನು ಮುದ್ದೆ ಕೋಲು ತೊಳೆಯುತ್ತ ಕೇಳಿದೆ, “ಅತ್ಗೆ, ನಂಗೆ ಅರ್ಥ ಆಗೋ ಅಂಗೆ ಹೇಳಿ. ಎರಡಕ್ಕೂ ಏನು ವ್ಯತ್ಯಾಸ?”

ನಾನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವನು. ಅವರು ಅದನ್ನೇ ಹಿಡಿದರು.

“ನಿನ್ನ ಹತ್ರ ಸುಟ್ಟ ಮೋಟಾರ್ ತರ್ತಾರೆ. ನೀನು ಬಿಚ್ಚಿ, ಸುತ್ತಿ, ಸರಿಮಾಡಿ ಕೊಡ್ತೀಯ. ಅದು ನಾನು ಈಗ ಮಾಡ್ತಿರೋದು. ಅದೇ ಮೋಟಾರ್ ಹೆಂಗಿರಬೇಕು ಅಂತ ಒಂದು ಕಡೆ ಬರೆದಿಟ್ಟಿದ್ದೀಯ, ಆ ಬರೆದಿದ್ದನ್ನ ನೋಡ್ಕೊಂಡು ಮೋಟಾರ್ ತನ್ನಷ್ಟಕ್ಕೆ ತಾನೇ ಹುಟ್ಟುತ್ತೆ ಅನ್ಕೋ. ಸುಟ್ಟೋದ್ರೆ ಸರಿ ಮಾಡಲ್ಲ. ಬಿಸಾಕಿ ಇನ್ನೊಂದು ಹುಟ್ಟಿಸ್ತೀಯ. ನೀನು ಇರಬೇಕಾಗೂ ಇಲ್ಲ.”

“ಅಂಗಾದ್ರೆ ನಂಗೇನು ಕೆಲ್ಸ?”

“ಬರಿಯೋದು. ಬರೆದಿದ್ದು ಸರಿ ಇಲ್ದಿದ್ರೆ ತಿದ್ದೋದು.” ಆಮೇಲೆ ಕಿಟಕಿಯ ಕಡೆ ನೋಡುತ್ತ, ನನಗಲ್ಲ ಎಂಬಂತೆ ಹೇಳಿದರು, “ನಾನು ಮುಟ್ಟದೇನೂ ನಿಂತಿರೋದು ಒಂದಾದ್ರೂ ಮಾಡಬೇಕು ಅಡವೀಶ. ಅಮ್ಮನ ಮನೇಲಿ ಒಂದು ಮಧ್ಯಾಹ್ನ ಫೋನ್ ಮರೆತು ಮಲಗಬೇಕು.”

ಅಷ್ಟೇ ಅವರ ಆಸೆ. ಅಷ್ಟಕ್ಕೆ ಆ ಮನೆಯಲ್ಲಿ ಅಷ್ಟು ಗಲಾಟೆ.

ಅದೇ ವಾರ ಭಾನುವಾರ ಸರ್ವರ್ ನಿಂತಿತು. ಬಸ್ಸು ಕಾಯುವುದು ಬೇಡವೆಂದು ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಸುಗ್ಗಿ ಕಾಲ. ಮಿಲ್ಲಿನ ಗೇಟಿನಿಂದ ಹೈವೇ ಸರ್ವಿಸ್ ರಸ್ತೆವರೆಗೆ ಕಡಲೆಕಾಯಿ ಲಾರಿಗಳು ನಿಂತಿದ್ದವು, ಡ್ರೈವರುಗಳು ಕೆಳಗೆ ಇಳಿದು ಬೀಡಿ ಸೇದುತ್ತಿದ್ದರು. ಅತ್ತಿಗೆ ಒಳಗೆ ಹೋಗಿ ನಾನು ಹೆಲ್ಮೆಟ್ ತೆಗೆದು ಮುಖ ಒರೆಸಿಕೊಳ್ಳುವಷ್ಟರಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಚೀಟಿ ಮತ್ತೆ ಬರತೊಡಗಿತು.

ಸಾವ್ಕಾರ್ ಪರ್ವತಯ್ಯನವರು ವಿಭೂತಿ ಹಣೆಯನ್ನು ಅಲ್ಲಾಡಿಸಿ ಸಂತೋಷಪಟ್ಟರು. “ಕೈಗುಣ ಅಂದ್ರೆ ಇದಪ್ಪ. ವನಜಮ್ಮ ಬಂದು ನಿಂತ್ರೆ ಸಾಕು, ಮಿಷಿನ್ ಹೆದರ್ಕೊಂಡು ಎದ್ದೇಳುತ್ತೆ.”

“ಭಾನುವಾರ ಸಾವ್ಕಾರ್ರೆ” ಅಂದೆ ನಾನು.

“ಲಾರಿಗೆ ಭಾನುವಾರ ಇದೆಯೇನಪ್ಪ?”

“ಲಾರಿಗೆ ಮಗು ಇಲ್ಲ.”

ಅವರು ನನ್ನನ್ನು ಒಮ್ಮೆ ನೋಡಿ, ಅತ್ತಿಗೆಯ ಕೈಗೆ ಕಡಲೆಕಾಯಿ ಚೀಲ ಕೊಟ್ಟು, ಟೀ ಕುಡಿದು ಹೋಗಿ ಅಂದರು. ವಾಪಸು ಬರುವಾಗ ಹಿಂದಿನ ಸೀಟಿನಿಂದ ಅತ್ತಿಗೆಯ ಮಾತು ಗಾಳಿಯಲ್ಲಿ ತುಂಡು ತುಂಡಾಗಿ ಕೇಳಿತು. “ಅವ್ರು ಹೊಗಳಿದಷ್ಟೂ ನನ್ನ ಕಾಲು ಅಲ್ಲೇ ಹೂತ್ಕೊಳ್ತಾ ಹೋಗುತ್ತೆ ಕಣೋ.”

ತುಮಕೂರಿನಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಂಪನಿ ಅವರ ಅರ್ಜಿಗೆ ಉತ್ತರ ಕೊಟ್ಟಿತು. ಕೆಲಸ ಮನೆಯಿಂದಲೇ, ಆಗಾಗ ತುಮಕೂರಿಗೆ ಹೋಗಿ ಬಂದರಾಯಿತು. ಮೊದಲು ಪರೀಕ್ಷೆ. ತೆರೆಯ ಮೇಲೆ ಅವರು ನೋಡುತ್ತಿರುವಾಗಲೇ ಮಾಡಿ ತೋರಿಸಬೇಕು.

ಆ ದಿನ ಪಡಸಾಲೆಯನ್ನು ಅವ್ವ ತಾನಾಗಿಯೇ ಗುಡಿಸಿದಳು. ಮಿಕ್ಸಿ ಹಾಕಬಾರದೆಂದು ನನ್ನ ಕೈಲಿ ಕಲ್ಲಿನಲ್ಲೇ ಕಾರ ಅರೆಸಿ ಮುಗಿಸಿದಳು. ಅಣ್ಣ ರಜೆ ಹಾಕಿದ್ದ. ಕೇಳಿದರೆ ಬಸ್ಸು ರಿಪೇರಿ ಅಂದ. ನಾವೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ತೆರೆಯ ಮೇಲೆ ಇಬ್ಬರು, ಪ್ರಿಯಾಂಕ ಎಂಬ ಹೆಣ್ಣುಮಗಳು ಮತ್ತು ಪ್ರಭುದೇವ್ ಎಂಬ ಕನ್ನಡಕದವನು.

ಅತ್ತಿಗೆ ಬರೆದದ್ದನ್ನು ಓಡಿಸಿದರು. ಎಲ್ಲೋ ಒಂದು ಮಿಷಿನ್ ಎದ್ದು ನಿಂತಿತು, ಆಸ್ಪತ್ರೆಯ ಚೀಟಿ ಬರೆಯುವ ಪುಟ ತೆರೆದುಕೊಂಡಿತು. ಆ ಕಡೆಯವರು ಬೇಕಂತಲೇ ಅದರ ಮೇಲೆ ಕೆಲಸ ಹೇರಿದರು. ಪುಟ ಕೆಂಪಗಾಗಿ ನಿಂತುಹೋಯಿತು.

ಅತ್ತಿಗೆಯ ಬೆರಳು ಅದನ್ನೇ ಕಾಯುತ್ತಿದ್ದ ಹಾಗೆ ಓಡಿದವು. ಟಕಟಕಟಕ. ಪುಟ ಹಸಿರಾಯಿತು.

“ಭಲೆ” ಅಂದ ಅಪ್ಪ. “ಫ್ಯೂಸ್ ಹಾಕ್ದಂಗೆ ಹಾಕ್ಬುಟ್ಲು ನೋಡು.”

ಆದರೆ ಅತ್ತಿಗೆಯ ಬೆನ್ನು ಕಲ್ಲಾಗಿತ್ತು. ಕೈಗಳನ್ನು ಲ್ಯಾಪ್‌ಟಾಪಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

“ತುಂಬಾ ಬೇಗ ಸರಿಮಾಡಿದ್ರಿ” ಅಂದಳು ಪ್ರಿಯಾಂಕ. “ಏನು ಮಾಡಿದ್ರಿ?”

“ಹಳೇ ಫೈಲುಗಳು ತುಂಬ್ಕೊಂಡು ಜಾಗ ಇರಲಿಲ್ಲ. ಒಳಗೆ ಹೋಗಿ ಅಳಿಸಿದೆ.”

“ನೀವು ಬರೆದಿಟ್ಟಿದ್ದರಲ್ಲಿ ಏನಾದ್ರೂ ಬದಲಾಯಿಸಿದ್ರಾ?”

“ಇಲ್ಲ.”

ಪ್ರಭುದೇವ್ ಹೇಳಿದ, “ಸರಿ. ಈಗ ಆ ಮಿಷಿನ್ ಅಳಿಸಿಬಿಟ್ಟು ಹೊಸದನ್ನ ಎಬ್ಬಿಸಿ.”

ಹೊಸದು ಎದ್ದಿತು. ಅಷ್ಟೇ ಕೆಲಸ ಹೇರಿದರು. ಅದೇ ಜಾಗದಲ್ಲಿ ಅದೇ ಥರ ಬಿದ್ದಿತು.

ಯಾರೂ ಏನೂ ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಅನ್ನಬಹುದಿತ್ತು. ಧನ್ಯವಾದ ಹೇಳಿ ಹೋದರು.

ಊಟಕ್ಕೆ ಕೂತಾಗ ಅಪ್ಪ ಕೇಳಿಯೇ ಬಿಟ್ಟ. “ಸರಿ ಹೋಗಿದ್ದನ್ನ ಅವ್ರು ಯಾಕೆ ಅಳಿಸಿದ್ರು?”

ಅತ್ತಿಗೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. “ಸಾರಿಗೆ ಉಪ್ಪು ಕಮ್ಮಿ ಅಂತ ಗೊತ್ತಾಯ್ತು ಮಾವ. ನಾನು ನನ್ನ ತಟ್ಟೆಗೆ ಹಾಕ್ಕೊಂಡೆ. ಪಾತ್ರೆಗೆ ಹಾಕ್ಲಿಲ್ಲ. ಮುಂದೆ ಉಣ್ಣೋರಿಗೆಲ್ಲ ಸಪ್ಪೇನೇ.”

ಅವ್ವ ಸೌಟು ಕೆಳಗಿಟ್ಟಳು. “ಅಯ್ಯೋ, ಅಷ್ಟೇನಾ ಅದು? ಅದು ನಂಗೂ ಗೊತ್ತಾಗ್ತೈತಲ್ಲ. ಮತ್ಯಾಕೆ ಅಂಗ್ಮಾಡ್ದೆ?”

“ಕೈ ಓಡ್ಬುಡ್ತು ಅತ್ತೆ. ಇಷ್ಟು ವರ್ಷ ಅದನ್ನೇ ಮಾಡಿದ್ದಲ್ವಾ.”

ಅಪ್ಪನ ಮುಖ ಕೆಟ್ಟಿತು. “ಅಂದ್ರೆ ಕೈಲಿ ಸರಿಮಾಡೋದು ತಪ್ಪಾ? ನಾನು ಜೀವಮಾನ ಎಲ್ಲ ಕಂಬ ಹತ್ತಿ ಕೈಲೇ ಸರಿಮಾಡ್ದೋನು.”

“ಒಂದೇ ಕಂಬ ಎಷ್ಟು ಸಲ ಹತ್ತಿದ್ರಿ ಮಾವ?”

ಅಪ್ಪ ಕೈ ತೊಳೆದುಕೊಂಡು ಎದ್ದ. ಅಂಥ ಮಾತನ್ನು ಅವನಿಗೆ ಆ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಅಣ್ಣ ಅತ್ತಿಗೆಯ ಕಡೆ ಹುಬ್ಬು ಗಂಟಿಕ್ಕಿ, “ಸ್ವಲ್ಪ ನೋಡ್ಕೊಂಡು ಮಾತಾಡು” ಅಂದ. “ನೀನು ಮೊದ್ಲು ಅವ್ರ ಪರ ಒಂದು ಮಾತಾದ್ರೂ ಆಡು” ಅಂದೆ ನಾನು ಅಣ್ಣನಿಗೆ. ಆವತ್ತು ಸಾರು ಹಾಗೇ ಉಳಿಯಿತು.

ಕಂಪನಿಯಿಂದ ಬಂದ ಉತ್ತರ ಸಣ್ಣದು. ಈಗ ಆಗುವುದಿಲ್ಲ, ಯುಗಾದಿ ಕಳೆದ ಮೇಲೆ ಮತ್ತೆ ಪ್ರಯತ್ನಿಸಬಹುದು. ಅವ್ವ, “ಇನ್ನಾದ್ರೂ ಬಾರಮ್ಮ ಅಡುಗೆಮನೆಗೆ, ಇವ್ನ ಗಂಟು ತಿಂದು ನನ್ನ ಹೊಟ್ಟೆ ಕಲ್ಲಾಗೈತೆ” ಅಂದಳು. ಅತ್ತಿಗೆ ಬರಲಿಲ್ಲ. ಬೆಳಿಗ್ಗೆ ಅದೇ ಮೂಲೆಯಲ್ಲಿ ಕೂತರು. ಈಗ ಅವರು ಬರೆಯುತ್ತಿದ್ದದ್ದು ಮಿಲ್ಲಿನ ಸರ್ವರನ್ನೇ. ಇಷ್ಟು ವರ್ಷ ತಾವು ಕೈಯಲ್ಲಿ ಮಾಡಿದ್ದನ್ನೆಲ್ಲ ನೆನೆಸಿಕೊಂಡು ನೆನೆಸಿಕೊಂಡು ಒಂದೊಂದಾಗಿ ಬರೆದರು. ಮಿಲ್ಲಿನಲ್ಲಿ ಮೂಲೆಗೆ ಬಿದ್ದಿದ್ದ ಇನ್ನೊಂದು ಮಿಷಿನನ್ನು ಒರೆಸಿ ಪಕ್ಕದಲ್ಲಿಟ್ಟು, ಮನೆಯಿಂದಲೇ ಅದರೊಳಗೆ ಹೋಗುವ ದಾರಿಯನ್ನೂ ಲೆಕ್ಕದ ನಕಲು ದಿನಾ ಬೇರೆಡೆ ಉಳಿಯುವ ಏರ್ಪಾಡನ್ನೂ ಮಾಡಿ, ಲೆಕ್ಕ ಬರೆಯುವ ಚಂದ್ರಶೇಖರ್‌ಗೆ ಯಾವ ವೈರು ಎಲ್ಲಿಗೆ ಚುಚ್ಚಬೇಕು, ಯಾವ ಸಾಲು ಟೈಪ್ ಮಾಡಬೇಕು ಅಂತ ಹೇಳಿಕೊಟ್ಟು ಬಂದರು.

ಶಿವರಾತ್ರಿ ಮುಗಿದ ಮೇಲಿನ ಒಂದು ಭಾನುವಾರ ಮಿಲ್ಲಿನ ಸರ್ವರ್ ಪೂರ್ತಿ ಸತ್ತಿತು. ಕರೆಂಟು ಏರಿಳಿದು ಒಳಗೆ ಸುಟ್ಟಿತ್ತು. ನಾನು ಬೈಕಿನ ಕೀ ತೆಗೆದುಕೊಂಡೆ. ಅತ್ತಿಗೆ ಕೂತಲ್ಲಿಂದ ಏಳದೆ ಫೋನ್ ಕಿವಿಗಿಟ್ಟುಕೊಂಡರು.

“ಚಂದ್ರಶೇಖರ್, ಪಕ್ಕದ್ದಕ್ಕೆ ವೈರ್ ಹಾಕಿ. ನಾನು ಹೇಳಿಕೊಟ್ಟ ಸಾಲು ಟೈಪ್ ಮಾಡಿ. ಹ್ಞೂಂ, ಬಿಡಿ, ಅದು ತಾನೇ ಆಗುತ್ತೆ.”

ಆಯಿತು. ಬಿಲ್ಲು ಬಂದಿತು, ಗೋಡೌನಿನ ಲೆಕ್ಕ ಬಂದಿತು. ವೇಬ್ರಿಡ್ಜು ಮಾತ್ರ ಮಾತಾಡಲಿಲ್ಲ. ಅತ್ತಿಗೆ ಹಣೆ ಹಿಡಿದುಕೊಂಡರು. ಹಿಂದೆ ಯಾವತ್ತೋ ಅವಸರದಲ್ಲಿ ಅದರ ಜೋಡಣೆಯನ್ನು ಕೈಯಲ್ಲಿ ಮಾಡಿ ಮರೆತಿದ್ದರು, ಅದನ್ನು ಬರೆದಿರಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನ್ ಹೊಡೆಯಿತು. ಪರ್ವತಯ್ಯನವರು. ಅತ್ತಿಗೆಯ ಫೋನ್ ಸಿಗದೆ ಅಪ್ಪನಿಗೇ ಮಾಡಿದ್ದರು. ಅಪ್ಪ ಎದ್ದು ನಿಂತು ಮಾತಾಡಿದ. “ಬರ್ತಾಳೆ ಸ್ವಾಮಿ, ಈಗ್ಲೇ ಕಳಿಸ್ತೀನಿ.”

ಫೋನಿಟ್ಟು ಪಡಸಾಲೆಗೆ ಬಂದ. “ಲಾರಿ ನಿಂತವಂತೆ. ಹೋಗಮ್ಮ.”

“ಹೋಗಲ್ಲ ಮಾವ. ಇಲ್ಲೇ ತಿದ್ದಿ, ಮತ್ತೆ ಮೊದಲಿಂದ ಎಬ್ಬಿಸ್ತೀನಿ.”

“ಇಲ್ಲಿಂದಾನೇ ಒಳಗೆ ಹೋಗಿ ಅದೊಂದ ಸರಿಮಾಡಕ್ಕೆ ಆಗಲ್ವಾ?”

“ಆಗುತ್ತೆ. ಒಂದು ನಿಮಿಷದ ಕೆಲ್ಸ.”

“ಮತ್ತೆ ಮಾಡ್ಬುಡು. ಒಂದೇ ಒಂದ್ಸಲ ಕೈ ಹಾಕ್ಬುಡು ತಾಯಿ. ನಾನು ಮಾತು ಕೊಟ್ಟಿದ್ದೀನಿ.”

“ನನ್ನ ಕೇಳ್ದೆ ಯಾಕೆ ಕೊಟ್ರಿ?”

ಅವ್ವ ಬಾಗಿಲಿಗೆ ಬಂದಿದ್ದಳು, ಕೈಯೆಲ್ಲ ಹುಣಿಸೆ ಹುಳಿ. ಸುಮ್ಮನಿರುತ್ತಾಳೆ ಅಂದುಕೊಂಡಿದ್ದೆ. “ಅವ್ಳು ಪಾತ್ರೆಗೆ ಉಪ್ಪು ಹಾಕ್ತಾವ್ಳೆ, ಸುಮ್ನೆ ಇರ್ರಿ ಅತ್ಲಾಗೆ” ಅಂದಳು.

ಅತ್ತಿಗೆ ಬರೆದರು. ಅಪ್ಪನ ಫೋನ್ ಮತ್ತೆ ಮತ್ತೆ ಹೊಡೆಯಿತು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು, ಎತ್ತಲೂ ಆಗದೆ ಇಡಲೂ ಆಗದೆ ಅಂಗಳದಲ್ಲಿ ತಿರುಗಿದ. ಚಂದ್ರಶೇಖರ್ ಎಲ್ಲ ಅಳಿಸಿ ಮೊದಲಿಂದ ಎಬ್ಬಿಸಿದ. ಈ ಸಲ ವೇಬ್ರಿಡ್ಜು ಮಾತಾಡಿತು. ಲಾರಿಗಳು ಒಳಗೆ ಹೋದವು. ಅತ್ತಿಗೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು, ತುಟಿಯ ಮೇಲೆ ಬೆವರು.

ಆ ತಿಂಗಳು ಮುಗಿಯುವ ಮೊದಲು ಪರ್ವತಯ್ಯನವರು ಅತ್ತಿಗೆಯನ್ನು ಕೂರಿಸಿಕೊಂಡು, ಟೀ ತರಿಸಿ, ಬಹಳ ಮರ್ಯಾದೆಯಿಂದ ಕೆಲಸ ಬಿಡಿಸಿದರು. “ಈಗ ಚಂದ್ರಶೇಖರನೇ ಒತ್ತಿದ್ರೂ ಎದ್ದು ಬರುತ್ತಲ್ಲಮ್ಮ. ದಿನಾ ಅಷ್ಟು ದೂರ ನೀನ್ಯಾಕೆ ಓಡಾಡ್ತೀಯ? ಬೇಕಾದ್ರೆ ನಾವೇ ಕರೀತೀವಿ.”

ಇದನ್ನು ಕೇಳಿ ನಾನು ಶಿರಾಕ್ಕೆ ಹೊರಟಿದ್ದೆ. ಕಲ್ಲು ಹೊಡೆಯಬೇಕು ಅನ್ನಿಸುವಷ್ಟು ಸಿಟ್ಟು. ಕೈಯಲ್ಲಿ ದುಡಿದಾಗ ಹೊಗಳಿಕೆ, ತಲೆಯಲ್ಲಿ ದುಡಿದಾಗ ಬಾಗಿಲು. ಅಣ್ಣ ಕೀ ಕಿತ್ತುಕೊಂಡ. “ಲೇ, ಕೂತ್ಕೋ. ಅವ್ಳೇ ಅಳ್ತಿಲ್ಲ, ನಿಂದೇನು?” ಆಮೇಲೆ ಮೆಲ್ಲಗೆ, “ಯುಗಾದಿ ಆದ್ಮೇಲೆ ಅವ್ಳು ಮತ್ತೆ ಕೂರಬೇಕು. ಅಲ್ಲೀಗಂಟ ಮನೆ ನಾನು ನೋಡ್ಕೋತೀನಿ” ಅಂದ. ನನ್ನ ಅಣ್ಣ ಅಷ್ಟು ಉದ್ದದ ಮಾತಾಡಿದ್ದು ಟಿಕೆಟ್ ಜಗಳದಲ್ಲಿ ಬಿಟ್ಟರೆ ಅದೇ ಮೊದಲು.

ಅಪ್ಪ ಆ ದಿನಗಳಲ್ಲಿ ಮಾತು ಕಡಿಮೆ ಮಾಡಿದ. ಒಂದು ಸಂಜೆ ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದಾಗ ಹತ್ತಿರ ಬಂದು ಕೂತು, ತಾನೂ ಒಂದು ಕಟ್ಟು ಎಳೆದುಕೊಂಡ.

“ಕರ್ದಾಗ್ಲೆಲ್ಲ ಹೋದೆ ಕಣಮ್ಮ ನಾನು. ಹಬ್ಬ ನೋಡ್ಲಿಲ್ಲ, ಈ ಅಡವೀಶ ಹುಟ್ಟಿದಾಗ್ಲೂ ಕಂಬದ ಮೇಲಿದ್ದೆ. ರಿಟೈರ್ ಆದ ಮಾರನೇ ದಿನದಿಂದ ಒಬ್ಬ ನನ್ಮಗನೂ ಕರೀಲಿಲ್ಲ.”

“ಗೊತ್ತು ಮಾವ. ನೀವು ಫೋನ್ ಪಕ್ಕದಲ್ಲೇ ಮಲಗ್ತಿದ್ರಿ.”

ಅಪ್ಪ ಸೊಪ್ಪಿನ ಜೊತೆ ಕಡ್ಡಿಯನ್ನೂ ಪಾತ್ರೆಗೆ ಹಾಕಿದ. ಅತ್ತಿಗೆ ಆರಿಸಿ ತೆಗೆಯಲಿಲ್ಲ.

ಯುಗಾದಿ ಕಳೆದು ಮತ್ತೆ ಪರೀಕ್ಷೆಯಾಯಿತು. ಈ ಸಲವೂ ಕೆಲಸ ಹೇರಿದರು, ಪುಟ ಕೆಂಪಾಯಿತು. ಅತ್ತಿಗೆಯ ಬೆರಳು ಮೇಲೆದ್ದು ಗಾಳಿಯಲ್ಲಿ ನಿಂತವು. ನಾವು ಮತ್ತೆ ಅಡುಗೆಮನೆಯ ಬಾಗಿಲಲ್ಲಿದ್ದೆವು. ಅವರು ಬರೆದದ್ದನ್ನು ತೆರೆದು, ಓದಿ, ನಿಧಾನವಾಗಿ ಎರಡು ಸಾಲು ಸೇರಿಸಿ, ಮಿಷಿನ್ ಅಳಿಸಿ ಹೊಸದನ್ನು ಎಬ್ಬಿಸಿದರು. ಅದು ಬೀಳಲಿಲ್ಲ.

ಪ್ರಭುದೇವ್ ಕಾಗದ ನೋಡಿಕೊಂಡು ಕೇಳಿದ. “ಮಿಲ್ಲಿನ ಕೆಲಸ ಯಾಕೆ ಬಿಟ್ಟಿರಿ?”

“ನಾನು ಬಿಡಲಿಲ್ಲ. ನಾನಿಲ್ಲದೇ ನಡೆಯೋ ಹಾಗೆ ಮಾಡಿದೆ. ಅದಕ್ಕೆ ಅವರು ಬಿಡಿಸಿದರು.”

ಪ್ರಿಯಾಂಕ ಕೇಳಿದಳು, “ಈಗಲೂ ಸರಿಯಾಗಿ ನಡೀತಿದೆಯಾ ಅದು?”

“ನಡೀತಿರಬೇಕು. ಯಾರೂ ಕರೆದಿಲ್ಲ.”

ಅದನ್ನು ಹೇಳುವಾಗ ಅತ್ತಿಗೆಯ ದನಿ ಎಲ್ಲೋ ಒಂದು ಕಡೆ ತಗ್ಗಿತು. ಆ ಕಡೆಯವರು ಏನೋ ಬರೆದುಕೊಂಡು, ತಿಳಿಸುತ್ತೇವೆ ಅಂದು ಹೋದರು.

ಅಪ್ಪ ಬಾಗಿಲಿಂದ ಒಳಗೆ ಬಂದ. “ಏನಂದ್ರು?”

“ತಿಳಿಸ್ತೀವಿ ಅಂದ್ರು.”

“ಕರೀತಾರಾ?”

ಅತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಎರಡೂ ಅಂಗೈ ಇಟ್ಟರು. “ಗೊತ್ತಿಲ್ಲ ಮಾವ. ಯಾರಾದ್ರೂ ಕರೀಲಿ ಅಂತ ನಂಗೆ ಇದೇ ಮೊದಲನೇ ಸಲ ಅನ್ನಿಸ್ತಿರೋದು.”